ದುರ್ಗಪ್ಪ ಮತ್ತು ಕೊರಿಯಾದ ಎರಡನೇ ಹಾಡು

ಕೊರಿಯಾ ದೇಶದ ಹಾನ್ ದೋಲ್ ಎಂಬ ಗಾಯಕ ಮೂರು ವರ್ಷದಿಂದ ಬಾಯಿ ಮುಚ್ಚಿಕೊಂಡಿದ್ದವನು ಶುಕ್ರವಾರ ತನ್ನ ಎರಡನೇ ಹಾಡು ಬಿಡುತ್ತಾನೆ ಎಂಬ ಸುದ್ದಿ ಬಂದಾಗ, ಲೋಕದ ಕೋಟಿಗಟ್ಟಲೆ ಹುಡುಗ ಹುಡುಗಿಯರು ಸಂಭ್ರಮಪಟ್ಟರಂತೆ. ದಾಂಡೇಲಿಯ ಅಂಬೇವಾಡಿಯಲ್ಲಿ ಮಾತ್ರ ಐವತ್ತೆರಡು ವರ್ಷದ ಒಬ್ಬ ಮನುಷ್ಯ ಕೈಯಲ್ಲಿದ್ದ ಚಹಾ ಕೆಳಗಿಟ್ಟು, "ಸುಮ್ನ ಇರಾಕ ಇವಂಗೇನ ಬ್ಯಾನಿ ಆಗಿತ್ತು" ಎಂದು ಗೊಣಗಿದ. ಅವನು ದುರ್ಗಪ್ಪ. ಕಾಗದದ ಮಿಲ್ಲಿನಲ್ಲಿ ರೀಲು ಸುತ್ತುವ ಯಂತ್ರದ ಮುಂದೆ ಇಪ್ಪತ್ತಾರು ವರ್ಷ ನಿಂತವನು.

ದುರ್ಗಪ್ಪನಿಗೂ ಕೊರಿಯಾಕ್ಕೂ ಏನು ಸಂಬಂಧ ಎಂದು ಕೇಳುವವರು ಈ ಊರಿಗೆ ಹೊಸಬರೇ ಇರಬೇಕು. ಮೂರು ವರ್ಷದ ಹಿಂದೆ ಮಿಲ್ಲಿನಲ್ಲಿ ಅವನ ಖಾತೆಯ ಕೆಲಸಗಾರರೆಲ್ಲ ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ಗಣೇಶಗುಡಿಯ ಕಡೆ ಹೊಳೆದಂಡೆಗೆ ಊಟ ಕಟ್ಟಿಕೊಂಡು ಹೋಗಿದ್ದರು. ಉಂಡಮೇಲೆ ದುರ್ಗಪ್ಪ ಒಂದು ಮಾವಿನ ಮರಕ್ಕೆ ಆತುಕೊಂಡು ನಿಂತ. ಪಕ್ಕದ ಮನೆಯ ಕರಿಷ್ಮಾ, ಕಾಲೇಜು ಓದುವ ಹುಡುಗಿ, ಹಾನ್ ದೋಲನ ಮೊದಲನೇ ಹಾಡು ಹಚ್ಚಿದ್ದಳು. ಅದೇ ಹೊತ್ತಿಗೆ ಆ ಮರದಲ್ಲಿ ಎಲೆ ಹೆಣೆದು ಗೂಡು ಕಟ್ಟಿದ್ದ ಕೆಂಪು ಚಗಳಿ ಇರುವೆಗಳ ಇಡೀ ಸಂಸಾರ ಅವನ ಪ್ಯಾಂಟಿನೊಳಗೆ ಇಳಿಯಿತು. ದುರ್ಗಪ್ಪ ಒಂದು ತೊಡೆ ಬಡಿದುಕೊಂಡ, ಇನ್ನೊಂದು ಕಾಲು ಝಾಡಿಸಿದ, ಗಿರಗಿರನೆ ಮೂರು ಸುತ್ತು ತಿರುಗಿದ, ಹಿಂದಕ್ಕೆ ಕೈಹಾಕಿಕೊಂಡು ಕುಪ್ಪಳಿಸಿದ, ಕೊನೆಗೆ ಹಾಡು ಮುಗಿಯುವ ಹೊತ್ತಿಗೆ ಸರಿಯಾಗಿ ಹೊಳೆಗೆ ಹಾರಿದ.

ಕರಿಷ್ಮಾ ಅದನ್ನು ಪೂರಾ ಮೊಬೈಲಿನಲ್ಲಿ ಹಿಡಿದಿದ್ದಳು. ಎಪ್ಪತ್ತು ಲಕ್ಷ ಜನ ನೋಡಿದರು. ಸ್ವತಃ ಹಾನ್ ದೋಲನೇ ಅದರ ಕೆಳಗೆ ಒಂದು ಕೆಂಪು ಹೃದಯದ ಚಿತ್ರ ಒತ್ತಿದ.

ಅಲ್ಲಿಯವರೆಗೆ ದುರ್ಗಪ್ಪ ಎಂಬ ಪ್ರಾಣಿ ಊರಲ್ಲಿ ಇದೆ ಎಂಬುದೇ ಯಾರಿಗೂ ನೆನಪಿರುತ್ತಿರಲಿಲ್ಲ. ಚನಬಸಪ್ಪನ ಚಹಾದಂಗಡಿಯಲ್ಲಿ ಎಲ್ಲರಿಗೂ ಕೊಟ್ಟು ಉಳಿದ ಗಸಿ ಅವನ ಪಾಲಿಗೆ ಬರುತ್ತಿತ್ತು. ಹಾಜರಿ ಪುಸ್ತಕದಲ್ಲಿ ಸಹಿ ಮಾಡಿದ್ದರೂ "ಇವತ್ತ ಬಂದಿದ್ದೇನು?" ಎಂದು ಕೇಳುತ್ತಿದ್ದರು. ವಿಡಿಯೋ ಆದಮೇಲೆ ಮೊದಲ ಚಹಾ ಅವನಿಗೆ, ಅದೂ ಶುಂಠಿ ಹಾಕಿದ್ದು. ಹಳಿಯಾಳದ ಶಾಲೆಯೊಂದು ನೃತ್ಯ ಸ್ಪರ್ಧೆಗೆ ತೀರ್ಪುಗಾರನಾಗಿ ಕರೆದು ಶಾಲು ಹೊದಿಸಿತು. ಎಲ್ಲಕ್ಕಿಂತ ದೊಡ್ಡ ಮಾತೆಂದರೆ, ಹೆಂಡತಿ ಮಾಲವ್ವ. ಲಗ್ನವಾಗಿ ಇಪ್ಪತ್ತೊಂದು ವರ್ಷದಲ್ಲಿ ಅವನನ್ನು ಎಂದೂ ಹೊಸದಾಗಿ ನೋಡದಿದ್ದವಳು ಈಗ ಸಂತೆಗೆ ಹೋದರೆ ಅವನ ಪಕ್ಕದಲ್ಲೇ ನಡೆಯುತ್ತಿದ್ದಳು. ಯಾರಾದರೂ "ಇವರ ಅಲ್ರಿ ಆ ವಿಡಿಯೋದಾಗ ಇದ್ದವರು?" ಎಂದರೆ, "ಹೌದ್ರಿ, ನಮ್ಮವರ" ಎಂದು ಸೆರಗು ಸರಿಮಾಡಿಕೊಳ್ಳುತ್ತಿದ್ದಳು. ಆ "ನಮ್ಮವರ" ಎಂಬ ಮಾತಿಗಾಗಿ ದುರ್ಗಪ್ಪ ಏನು ಬೇಕಾದರೂ ಮಾಡಲು ತಯಾರಿದ್ದ, ಕುಣಿಯುವುದೊಂದನ್ನು ಬಿಟ್ಟು.

ಯಾಕೆಂದರೆ ಅವನಿಗೆ ಕುಣಿಯಲು ಬರುತ್ತಿರಲಿಲ್ಲ. ಈ ಸತ್ಯ ಗೊತ್ತಿದ್ದದ್ದು ಅವನಿಗೆ ಮತ್ತು ಇರುವೆಗಳಿಗೆ. ಇರುವೆಗಳು ಹೇಳುವಂತಿರಲಿಲ್ಲ, ಅವನು ಹೇಳಲಿಲ್ಲ. ಇನ್ನೊಮ್ಮೆ ಕುಣಿ ಎಂದು ಯಾರಾದರೂ ಗಂಟುಬಿದ್ದರೆ ಗಂಭೀರವಾಗಿ ಒಂದೇ ಉತ್ತರ ಕೊಡುತ್ತಿದ್ದ. ತಾನು ಹಾನ್ ದೋಲನ ಹಾಡಿಗಷ್ಟೇ ಕುಣಿಯುವವನು, ಒಂದು ಹಾಡಿಗೆ ಒಂದೇ ಸಲ, ಅವನ ಎರಡನೇ ಹಾಡು ಬರಲಿ, ಅವತ್ತು ನೋಡುವಿರಂತೆ. ಹಾನ್ ದೋಲನ ಕತೆ ಮುಗಿಯಿತು, ಅವನಿಗೆ ಎರಡನೇ ಹಾಡು ಹುಟ್ಟುತ್ತಲೇ ಇಲ್ಲ ಎಂದು ಕರಿಷ್ಮಾ ಹೇಳಿದ್ದನ್ನು ನಂಬಿ ಕೊಟ್ಟ ಮಾತು ಅದು. ಎಷ್ಟೋ ಸಲ ದುರ್ಗಪ್ಪನಿಗೆ ಆ ಹುಡುಗನ ಮೇಲೆ ಕನಿಕರವೂ ಬಂದಿತ್ತು. ಒಂದೇ ಒಂದು ಸಲ ಗೆದ್ದವನ ಸಂಕಟ ಇನ್ನೊಬ್ಬ ಅಂಥವನಿಗೇ ಗೊತ್ತು.

ಈಗ ಆ ಶುಕ್ರವಾರ ಬಂದೇಬಿಟ್ಟಿತು. ಬೆಳಿಗ್ಗೆ ಏಳಕ್ಕೆ ಲೋಕೇಶ ಬಾಗಿಲಲ್ಲಿ ನಿಂತಿದ್ದ. ಲೋಕೇಶ ಅದೇ ಖಾತೆಯ ಕೆಲಸಗಾರ, ಕಾಲೊನಿಯ ಸಾಂಸ್ಕೃತಿಕ ಸಮಿತಿಯ ಕಾರ್ಯದರ್ಶಿ. ಕೇಳದೆ ಉಪಕಾರ ಮಾಡುವುದರಲ್ಲಿ ಅವನನ್ನು ಮೀರಿಸಿದವರಿಲ್ಲ. ದುರ್ಗಪ್ಪನ ಎರಡನೇ ಪಾಳಿಯನ್ನು ಇನ್ನೊಬ್ಬರಿಗೆ ಬದಲಿ ಮಾಡಿಸಿದ್ದ, ಸಮುದಾಯ ಭವನಕ್ಕೆ ದೊಡ್ಡ ಪರದೆ ತರಿಸಿದ್ದ, ಬ್ಯಾನರೂ ಬರೆಸಿದ್ದ. ಕೊರಿಯಾದಲ್ಲಿ ಸಂಜೆ ಆರಾದರೆ ನಮ್ಮಲ್ಲಿ ಮಧ್ಯಾಹ್ನ ಎರಡೂವರೆ, ಪರದೆಯ ಮೇಲೆ ಹಾಡು ಬರುತ್ತಲೇ ವೇದಿಕೆಯ ಮೇಲೆ ದುರ್ಗಪ್ಪ ಕುಣಿಯಬೇಕು ಎಂದು ಲೆಕ್ಕ ಹಾಕಿ ಹೇಳಿದ.

ಹಾಡನ್ನು ಒಮ್ಮೆಯೂ ಕೇಳದೆ ಹೇಗೆ ಕುಣಿಯಲಿ ಎಂದು ದುರ್ಗಪ್ಪ ಮೆಲ್ಲಗೆ ಕೇಳಿದ.

"ಅಣ್ಣಾ, ಮೊದಲನೇದಕ್ಕೇನ ತಾಲೀಮು ಮಾಡಿದ್ರಿ?" ಎಂದ ಲೋಕೇಶ.

ಒಂದೆರಡು ಹೆಜ್ಜೆಯಾದರೂ ಕಲಿಯೋಣವೆಂದು ದುರ್ಗಪ್ಪ ಪಕ್ಕದ ಮನೆಗೆ, ಕರಿಷ್ಮಾಳ ಅಪ್ಪ ಜೇಮ್ಸನ ಹತ್ತಿರ ಓಡಿದ. ಸಿದ್ದಿ ಜನಾಂಗದವನು, ಅವರ ಡಮಾಮಿ ಡೋಲಿನ ಬಡಿತ ಕೇಳಿ ಬೆಳೆದವನು, ಇವನಿಗೆ ಬರದಿದ್ದರೆ ಇನ್ಯಾರಿಗೆ ಎಂದು ಅವನ ಎಣಿಕೆ. ಜೇಮ್ಸ್ ಗಡ್ಡ ಹೆರೆಯುತ್ತಿದ್ದವನು ತಣ್ಣಗೆ ಕೇಳಿಸಿಕೊಂಡ. ಈ ಊರಿಗೆ ಬಂದಾಗಿನಿಂದ ಎಲ್ಲರೂ ತನ್ನನ್ನು ಇದನ್ನೇ ಕೇಳುತ್ತಾರೆ, ತನಗೆ ಬರುವುದು ಚರ್ಚಿನಲ್ಲಿ ಹಿಂದಿನ ಸಾಲಿನಲ್ಲಿ ನಿಂತು ಹಾಡುವುದೊಂದೇ, ತನ್ನ ಲಗ್ನದಲ್ಲಿ ಕುಣಿಯಲು ಎಬ್ಬಿಸಿದಾಗ ಮಾವನ ಕಾಲು ತುಳಿದಿದ್ದೆ ಎಂದು ಹೇಳಿ ಕಳಿಸಿದ.

ದುರ್ಗಪ್ಪ ಕಟ್ಟೆಯ ಮೇಲೆ ಕೂತು ವಿಚಾರ ಮಾಡಿದ. ಮೊದಲು ಕುಣಿಸಿದವರು ಯಾರೋ ಅವರೇ ಈಗಲೂ ಕುಣಿಸಬೇಕು. ಮುಳ್ಳನ್ನು ಮುಳ್ಳಿನಿಂದಲೇ ತೆಗೆಯಬೇಕು. ಹಳೆಯ ಗಾಡಿ ಹತ್ತಿ ಒಂದು ಮುಚ್ಚಳದ ಡಬ್ಬಿ, ಕುಡುಗೋಲು ಹಿಡಿದು ಜೋಯಿಡಾ ರಸ್ತೆಗೆ ಹೊರಟ. ರಸ್ತೆ ಬದಿಯ ಮಾವಿನ ಮರದಲ್ಲಿ ಒಂದು ಗೂಡು ಸಿಕ್ಕಿತು. ಅದನ್ನು ಡಬ್ಬಿಗೆ ಇಳಿಸುವಾಗ ಎಂಟು ಹತ್ತು ಇರುವೆಗಳು ಮೊಣಕೈಗೆ ಹತ್ತಿ ಕಚ್ಚಿದವು. ಅವನ ಎಡಗೈ ತಾನಾಗಿಯೇ ಕುಣಿಯಿತು. ದುರ್ಗಪ್ಪನಿಗೆ ಹರ್ಷವಾಯಿತು.

ಗಾಡಿ ತಿರುಗಿಸುವಷ್ಟರಲ್ಲಿ ಫಾರೆಸ್ಟ್ ಗಾರ್ಡ್ ರೊಜಾರಿಯೊ ಕೈ ಅಡ್ಡ ಹಿಡಿದ. ಅವನು ಜೇಮ್ಸನ ಹೆಂಡತಿ ಮಾಗ್ದಲೀನಾಳ ತಮ್ಮ, ಗಣೇಶಗುಡಿಯಲ್ಲಿ ಕೆಲಸ.

"ಕಾಕಾ, ಡಬ್ಬಿದಾಗ ಏನೈತ್ರಿ?"

ಕುಣಿಯಲು ಇರುವೆ ಒಯ್ಯುತ್ತಿದ್ದೇನೆ ಎಂದು ಸರ್ಕಾರಿ ಮನುಷ್ಯನ ಮುಂದೆ ಹೇಳುವುದು ಹೇಗೆ? ದುರ್ಗಪ್ಪ ಬಾಯಿಗೆ ಬಂದದ್ದು ಹೇಳಿದ.

"ಚಗಳಿ. ಚಟ್ನಿಗೆ."

ರೊಜಾರಿಯೊನ ಮುಖ ಅರಳಿತು. ಬಯಲುಸೀಮೆಯಿಂದ ಬಂದವರಿಗೂ ಕೊನೆಗೆ ಈ ಕಾಡಿನ ರುಚಿ ಹತ್ತಿತಲ್ಲ ಎಂದು ಅವನಿಗೆ ಸಂತೋಷ. ಬಿಸಿ ಹಂಚಿನ ಮೇಲೆ ಹೇಗೆ ಹುರಿಯಬೇಕು, ಎಷ್ಟು ಸೂಜಿಮೆಣಸಿನಕಾಯಿ ಹಾಕಬೇಕು ಎಂದು ಹತ್ತು ನಿಮಿಷ ಪಾಠ ಹೇಳಿ ಬಿಟ್ಟ.

ಮನೆಗೆ ಬಂದು ದುರ್ಗಪ್ಪ ಡಬ್ಬಿಯನ್ನು ಹಿತ್ತಲಿನ ಒಗೆಯುವ ಕಲ್ಲಿನ ಹಿಂದೆ ಅಡಗಿಸಿಟ್ಟ. ವೇದಿಕೆ ಹತ್ತುವ ಮೊದಲು ಎರಡು ಹಿಡಿ ಇರುವೆ ಪ್ಯಾಂಟಿಗೆ ಸುರಿದುಕೊಂಡರೆ ಮುಂದಿನದು ಅವುಗಳ ಪಾಡು. ಅಷ್ಟರಲ್ಲಿ ಲೋಕೇಶ ಬಂದು, ಬಿಳಿಗೂದಲು ವಿಡಿಯೋದಲ್ಲಿ ಚೊಲೋ ಕಾಣುವುದಿಲ್ಲ ಎಂದು ಕ್ಷೌರದಂಗಡಿಗೆ ಎಳೆದೊಯ್ದ. ಕೂದಲಿಗೆ ಬಣ್ಣ ಹಚ್ಚಿಸಿಕೊಂಡು, ಅದು ಒಣಗುವ ತನಕ ಕೂತು, ಬರುವ ಹೊತ್ತಿಗೆ ಎರಡು ಗಂಟೆ. ದುರ್ಗಪ್ಪ ನೆಟ್ಟಗೆ ಹಿತ್ತಲಿಗೆ ಹೋದ. ಡಬ್ಬಿ ತೊಳೆದು ಬೋರಲು ಹಾಕಿತ್ತು.

ಅಡುಗೆಮನೆಯಿಂದ ಮಾಗ್ದಲೀನಾ ಕೈ ಒರೆಸಿಕೊಳ್ಳುತ್ತ ಬಂದಳು.

"ರೊಜಾರಿಯೊ ಫೋನ್ ಮಾಡಿದ್ದ ಅಣ್ಣಾ. ನಿಮಗ ಚಗಳಿ ಚಟ್ನಿ ತಿನ್ನೂ ಆಶಾ ಆಗೇತಂತ. ಮಾಲಕ್ಕಗ ಮಾಡಾಕ ಬರೂದಿಲ್ಲಲ್ಲ, ನಾನ ಬಂದು ಕಲ್ಲಿನ ಹಿಂದಿನ ಡಬ್ಬಿ ಹುಡಕಿ ತಗದು ಹುರದು ಅರದೇನಿ. ಕುಂಡ್ರಿ, ಬಿಸಿ ರೊಟ್ಟಿ ಅದಾವು."

ದುರ್ಗಪ್ಪ ಕಲ್ಲಿನ ಮೇಲೆ ಕುಸಿದ. ಅವನ ಪಾಲಿನ ನಾಟ್ಯಗುರುಗಳೆಲ್ಲ ಅರೆಯುವ ಕಲ್ಲಿಗೆ ಸಂದಿದ್ದರು. ಇನ್ನು ಇಪ್ಪತ್ತೈದು ನಿಮಿಷದಲ್ಲಿ ಊರಿಗೂರೇ ಅವನು ಮರಗಟ್ಟಿ ನಿಲ್ಲುವುದನ್ನು ನೋಡುತ್ತದೆ, ಮಾಲವ್ವ ನೋಡುತ್ತಾಳೆ. ಮತ್ತೆ ಗಸಿ ಚಹಾ. ಅವನಿಗೆ ನಿಜವಾಗಿಯೂ ದುಃಖವಾಯಿತು.

ಆಗ ಒಂದು ಉಪಾಯ ಹೊಳೆಯಿತು. ಹೊಟ್ಟೆನೋವು ಬಂದವನನ್ನು ಯಾರೂ ಕುಣಿಸುವುದಿಲ್ಲ. ಅಭ್ಯಾಸವಿಲ್ಲದ ಹೊಟ್ಟೆಗೆ ಇರುವೆ ಹೋದರೆ ಏನಾದರೂ ಆಗಲೇಬೇಕು. ಅವನು ಕೂತು ನಾಲ್ಕು ರೊಟ್ಟಿಯ ಜೊತೆ ಬಟ್ಟಲು ಚಟ್ನಿಯನ್ನು ಬಳಿದು ತಿಂದ. ಮಾಗ್ದಲೀನಾ ಕೈತುಂಬ ಸೂಜಿಮೆಣಸಿನಕಾಯಿ ಹಾಕಿದ್ದಳು. ನಾಲಿಗೆ ಉರಿಯಿತು, ಕಿವಿ ಉರಿಯಿತು, ಬೆರಳು ಉರಿಯಿತು. ಆದರೆ ಹೊಟ್ಟೆ ಮಾತ್ರ ಹಾಯಾಗಿತ್ತು. ಹುಳಿ ಖಾರ ಹದವಾಗಿ, ಇನ್ನೂ ಬೇಕು ಎನ್ನುವ ಹಾಗಿತ್ತು. ನೆಟ್ಟಗೆ ಕೈ ತೊಳೆಯಲೂ ಬಿಡದೆ ಲೋಕೇಶ ರೆಟ್ಟೆ ಹಿಡಿದು ಎಬ್ಬಿಸಿದ.

ಸಮುದಾಯ ಭವನ ಕಿಕ್ಕಿರಿದಿತ್ತು. ಮೊದಲ ಸಾಲಿನಲ್ಲಿ ಮಾಲವ್ವ ಹೊಸ ಇಳಕಲ್ ಸೀರೆ ಉಟ್ಟು ಕೂತಿದ್ದಳು. ದುರ್ಗಪ್ಪ ವೇದಿಕೆಯ ನಡುವೆ ನಿಂತು, ಏನಾದರಾಗಲಿ ಎಂದು ಒಂದು ಕಾಲು ಮುಂದಿಟ್ಟ. ಕರಿಷ್ಮಾ ಮೊಬೈಲು ಎತ್ತಿದಳು. ಪರದೆ ಬೆಳಗಿತು.

ಢಂ ಎಂದು ಶುರುವಾಗಬೇಕಿದ್ದ ಹಾಡು ಪಿಯಾನೋದ ಒಂದೊಂದೇ ಸ್ವರದಿಂದ ಶುರುವಾಯಿತು. ಹಾನ್ ದೋಲ್ ಖಾಲಿ ರೈಲು ನಿಲ್ದಾಣವೊಂದರಲ್ಲಿ ಬೆಂಚಿನ ಮೇಲೆ ಕೂತಿದ್ದ. ಕುಣಿಯಲಿಲ್ಲ, ಏಳಲೂ ಇಲ್ಲ. ಕೆಳಗೆ ಬರುತ್ತಿದ್ದ ಇಂಗ್ಲಿಷ್ ಸಾಲುಗಳನ್ನು ಕರಿಷ್ಮಾ ಎಲ್ಲರಿಗೂ ಕನ್ನಡದಲ್ಲಿ ಹೇಳತೊಡಗಿದಳು. ಮೊದಲು ಪ್ರೀತಿಸಿದವಳು ರೈಲು ಹತ್ತಿ ಹೋದಳಂತೆ, ಇಷ್ಟು ವರ್ಷವಾದರೂ ಅವಳ ಹೆಸರನ್ನು ಅವನು ಯಾರಿಗೂ ಹೇಳಿಲ್ಲವಂತೆ.

ದುರ್ಗಪ್ಪನಿಗೆ ಹೋದ ಜೀವ ಬಂದಂತಾಯಿತು. ಇದಕ್ಕೆ ಯಾರಪ್ಪನೂ ಕುಣಿಯಲಾರ. ಆ ಕೊರಿಯಾದ ಹುಡುಗನನ್ನು ಅಪ್ಪಿಕೊಳ್ಳಬೇಕೆನಿಸಿತು. ನಿರಾಳವಾಗಿ ಉಸಿರು ಬಿಟ್ಟು, ಹಣೆಯ ಮೇಲಿನ ಬೆವರನ್ನೂ ಕಣ್ಣನ್ನೂ ಕೈಯಿಂದ ಒರೆಸಿಕೊಂಡ.

ಚಟ್ನಿಯ ಕೈ ಅದು. ಎರಡೂ ಕಣ್ಣಿಗೆ ಬೆಂಕಿ ಬಿದ್ದಂತಾಗಿ ನೀರು ಧಾರಾಕಾರ ಸುರಿಯಿತು. ಒರೆಸಿದಷ್ಟೂ ಹೆಚ್ಚಾಯಿತು. ನಿಲ್ಲಲಾಗದೆ ವೇದಿಕೆಯ ಅಂಚಿನಲ್ಲಿ ಕೂತು, ಮುಖ ಮುಚ್ಚಿಕೊಂಡು, ಬಿಕ್ಕಿದ. ಹಿಂದೆ ಯಾರೋ ಹೆಂಗಸು ಮೂಗು ಸೀಟಿದಳು. ಹಾಡು ಮುಗಿದಾಗ ಲೋಕೇಶನ ಕಣ್ಣೂ ಒದ್ದೆಯಾಗಿತ್ತು.

ಸಂಜೆಯ ಹೊತ್ತಿಗೆ ಆ ವಿಡಿಯೋವನ್ನು ಒಂಬತ್ತು ಲಕ್ಷ ಜನ ನೋಡಿ ಅತ್ತಿದ್ದರು. ಹಾನ್ ದೋಲ್ ಈ ಸಲ ಎರಡು ಹೃದಯ ಒತ್ತಿದ್ದ. ಚನಬಸಪ್ಪ ಚಹಾವನ್ನು ಅಂಗಡಿಯಿಂದ ಹೊರಗೆ ತಂದು ಕೈಗೆ ಕೊಟ್ಟ. ಮುಂದಿನ ತಿಂಗಳು ನಿವೃತ್ತರಾಗುವವರ ಬೀಳ್ಕೊಡುಗೆಯಲ್ಲಿ ಹೀಗೇ ಒಂದೈದು ನಿಮಿಷ ಅಳಬೇಕು ಎಂದು ಲೋಕೇಶ ಆಗಲೇ ಮಾತು ತೆಗೆದುಕೊಂಡ. ದಾರಿಯುದ್ದಕ್ಕೂ ಜನ ಹೆಗಲು ತಟ್ಟಿದರು. ಮಾನ ಉಳಿಯಿತು ಎಂದುಕೊಳ್ಳುತ್ತ ದುರ್ಗಪ್ಪ ಮನೆ ಸೇರಿದ.

ಮಾಲವ್ವ ಇಳಕಲ್ ಸೀರೆಯನ್ನು ಬದಲಿಸದೆ ಕಂಬಕ್ಕೊರಗಿ ಕೂತಿದ್ದಳು. ಅವನು ಚಪ್ಪಲಿ ಬಿಡುವ ತನಕ ಕಾದಳು.

"ಯಾರಾಕಿ?"

ದುರ್ಗಪ್ಪನಿಗೆ ತಿಳಿಯಲಿಲ್ಲ.

"ರೈಲು ಹತ್ತಿ ಹ್ವಾದಾಕಿ ಯಾರು ಅಂತ ಕೇಳಿದೆ. ನಮ್ಮಪ್ಪ ತೀರಕೊಂಡಾಗ ಕಣ್ಣಾಗ ಹನಿ ನೀರು ತರದ ಮನಶ್ಯಾ, ಇವತ್ತ ಊರ ಮುಂದ ಕುಂತು ಅಷ್ಟ ಅತ್ರೆಲ್ಲ."

ಚಟ್ನಿ ಕೈ ಕಣ್ಣಿಗೆ ತಾಗಿತು ಎಂದು ಅವನು ಆಣೆ ಮಾಡಿ ಹೇಳಿದ. ಎಂದೂ ಮುಟ್ಟದ ಚಟ್ನಿ ಇವತ್ತೇ ಯಾಕೆ ಬೇಕಾಯಿತು ಎಂದು ಅವಳು ಕೇಳಿದಳು. ಇನ್ನು ದಾರಿಯಿರಲಿಲ್ಲ. ಮೂರು ವರ್ಷದ ಗುಟ್ಟನ್ನೆಲ್ಲ ದುರ್ಗಪ್ಪ ಅವಳ ಮುಂದೆ ಬಿಚ್ಚಿಟ್ಟ. ಮಾವಿನ ಮರ, ಪ್ಯಾಂಟು, ಇರುವೆ, ತನಗೆ ಕುಣಿಯಲು ಬಾರದ್ದು, ಅವಳು ತನ್ನನ್ನು ಕೀಳಾಗಿ ಕಂಡಾಳೆಂಬ ಹೆದರಿಕೆ, ಡಬ್ಬಿ, ಎಲ್ಲವನ್ನೂ ಹೇಳಿ ತಲೆ ತಗ್ಗಿಸಿ ಕೂತ.

ಮಾಲವ್ವನಿಗೆ ಆಶ್ಚರ್ಯವೇನೂ ಆದಂತೆ ಕಾಣಲಿಲ್ಲ.

"ಇರುವಿ ಸುದ್ದಿ ನನಗ ಆವತ್ತ ಗೊತ್ತಾಗೇತಿ. ಪ್ಯಾಂಟ್ ಒಗದಾಕಿ ನಾನ. ಕಿಸೆ ತುಂಬ ಸತ್ತ ಇರುವಿ ಇದ್ವು. ನಾಕ ಮಂದಿ ನಿಮ್ಮನ್ನ ಕರದು ಮಾತಾಡ್ಸಾಕ ಹತ್ತಿದ್ರು, ನನಗೂ ಚೊಲೋ ಅನ್ನಸ್ತು, ಸುಮ್ನಿದ್ದೆ."

ದುರ್ಗಪ್ಪನ ಎದೆ ತುಂಬಿ ಬಂತು. ಇಂಥ ಹೆಂಡತಿಯಿಂದ ಮುಚ್ಚಿಟ್ಟೆನಲ್ಲ ಎಂದು ನಾಚಿಕೆಯೂ ಆಯಿತು. ಹಾಗಾದರೆ ಚಟ್ನಿಯ ಮಾತನ್ನೂ ನಂಬಿದೆ ತಾನೇ ಎಂದು ಆಸೆಯಿಂದ ಕೇಳಿದ.

"ಹೆಂಗ ನಂಬ್ಲಿ?" ಎಂದಳು ಮಾಲವ್ವ. "ಒಂದ ಇರುವಿ ಸುದ್ದೀನ ಮೂರು ವರ್ಷ ಹೆಂಡ್ತಿ ಮುಂದ ಬಾಯಿ ಬಿಡದವ್ರು ನೀವು. ಹೆಣ್ಣಿನ ಸುದ್ದಿ ಇಪ್ಪತ್ನಾಕು ವರ್ಷ ಮುಚ್ಚಿಡೂದು ನಿಮಗೇನ ದೊಡ್ಡದು? ಸುಮ್ನ ಹೆಸರ ಹೇಳ್ರಿ."

ಹೇಳಲು ದುರ್ಗಪ್ಪನ ಹತ್ತಿರ ಯಾವ ಹೆಸರೂ ಇರಲಿಲ್ಲ. ಅವಳು ಎದ್ದು ಒಳಗೆ ಹೋದಳು. ಹೊರಗೆ ಬೀದಿಯಲ್ಲಿ ಹೋಗುವವರು ಬರುವವರೆಲ್ಲ ಗೇಟಿನ ಹತ್ತಿರ ನಿಂತು, ಊಟ ಆಯಿತೇ ದುರ್ಗಪ್ಪನವರೇ, ಈಗ ಹೇಗಿದ್ದೀರಿ, ಸಮಾಧಾನ ಮಾಡಿಕೊಳ್ಳಿ ಎಂದು ಕೂಗಿ ಕೂಗಿ ವಿಚಾರಿಸಿದರು. ಆ ಸಂಜೆ ಅಂಬೇವಾಡಿಯಲ್ಲಿ ಅವನನ್ನು ಮಾತಾಡಿಸದೆ ಇದ್ದವಳು ಮಾಲವ್ವ ಒಬ್ಬಳೇ.