ಉಪ್ಪು ತಿಂದ ಉಕ್ಕು

ಲೋಹ ಪರೀಕ್ಷೆಯ ಲ್ಯಾಬಿಗೆ ಜನ ತುಕ್ಕು ತರುತ್ತಾರೆ, ಜೊತೆಗೆ ಒಂದು ಜಗಳವನ್ನೂ ತಂದೇ ತರುತ್ತಾರೆ. ತೊಂಬತ್ತರ ದಶಕದಲ್ಲಿ ನಾನು ಜೆ.ಪಿ. ನಗರದ ಸಣ್ಣ ಲ್ಯಾಬೊಂದಕ್ಕೆ ಸೇರಿದೆ. ಅಲ್ಲೊಂದು ಸ್ಪೆಕ್ಟ್ರೋಮೀಟರ್ ಇತ್ತು. ಲೋಹಕ್ಕೆ ಕಿಡಿ ಹೊಡೆಸಿದರೆ, ಅದರ ಬೆಳಕು ನೋಡಿ ಒಳಗೆ ಏನೇನು ಬೆರೆತಿದೆ ಎಂದು ಹೇಳುತ್ತಿತ್ತು. ಸುಳ್ಳು ಹೇಳುತ್ತಿರಲಿಲ್ಲ. ಕಷ್ಟ ಇದ್ದದ್ದೇ ಅಲ್ಲಿ.

ಆಂಟಿಯ ಸಾರು

ಪಕ್ಕದ ಮನೆ ಆಂಟಿಯ ಹೊಸ ಸ್ಟೀಲ್ ಪಾತ್ರೆಗೆ ತಿಂಗಳೊಳಗೆ ತುಕ್ಕು. ಅಂಗಡಿಯವನು, "ಮೇಡಂ, ನಿಮ್ಮ ಸಾರಲ್ಲಿ ಹುಳಿ ಜಾಸ್ತಿ" ಅಂದುಬಿಟ್ಟನಂತೆ. ಪಾತ್ರೆ ಹೋದರೆ ಹೋಗಲಿ, ಸಾರಿಗೆ ಹೆಸರಿಟ್ಟದ್ದನ್ನು ಆಂಟಿ ಸಹಿಸಲಿಲ್ಲ. ಪರೀಕ್ಷಿಸಿದೆ. ತುಕ್ಕು ತಡೆಯುವ ಕ್ರೋಮಿಯಂ ಅದರಲ್ಲಿ ನಾಮಕಾವಸ್ತೆ. ಆಂಟಿ ನನ್ನ ವರದಿ ಮತ್ತು ಒಂದು ಡಬ್ಬಿ ಸಾರು ಹಿಡಿದು ಅಂಗಡಿಗೆ ಹೋದರು. "ಮೊದಲು ಇದನ್ನ ಕುಡೀರಿ, ಆಮೇಲೆ ಮಾತಾಡೋಣ."

ಪಾತ್ರೆ ಬದಲಾಯಿತು. ಅಂಗಡಿಯವನು ಸಾರಿನ ಪುಡಿಯ ಅಳತೆಯನ್ನೂ ಕೇಳಿಕೊಂಡನಂತೆ.

ಗಿರಿನಗರದ ಗೇಟು

ನಿವೃತ್ತ ಅಂಕಲ್ ಒಬ್ಬರ ಗೇಟಿಗೆ ಕೆಳಗಿನ ಮೂಲೆಯಲ್ಲಿ ಮಾತ್ರ ತುಕ್ಕು. ಅದನ್ನು ಕೆರೆದು ಇನ್‌ಫ್ರಾರೆಡ್ ಬೆಳಕಿನಲ್ಲಿ ನೋಡಿದರೆ ಯೂರಿಯಾ, ಅಂದರೆ ಮೂತ್ರದ ಗುರುತು.

"ಮನೇಲಿ ನಾಯಿ ಇದ್ಯಾ ಸಾರ್?"

"ಇಲ್ಲ. ಪಕ್ಕದ ಮನೇಲಿದೆ."

"ಹಾಗಾದ್ರೆ ಅದರದ್ದೇ ಕೆಲಸ ಇರಬೇಕು."

ಅಂಕಲ್ ಮುಖ ಅರಳಿತು. "ಮೂರು ವರ್ಷದಿಂದ ಹೇಳ್ತಿದೀನಿ, ಯಾರೂ ನಂಬಲಿಲ್ಲ. ಲೆಟರ್‌ಹೆಡ್‌ನಲ್ಲಿ ಬರೆದುಕೊಡಿ. ಫ್ರೇಮ್ ಹಾಕಿಸ್ತೀನಿ."

ಶಾಫ್ಟಿನ ಚುಕ್ಕೆ

ಬನಶಂಕರಿ ಕಡೆಯ ಸಣ್ಣ ಫ್ಯಾಕ್ಟರಿಯೊಂದರ ಮಾಲೀಕರು ಕಂಗಾಲಾಗಿ ಬಂದರು. ಯಂತ್ರ ತಿರುಗಿಸುವ ಉಕ್ಕಿನ ದಂಡಗಳು, ಫಳಫಳ ಹೊಳೆಯುವ ಶಾಫ್ಟುಗಳು, ಗಿರಾಕಿಯ ಕೈಸೇರುವ ಹೊತ್ತಿಗೆ ಚುಕ್ಕೆ ಚುಕ್ಕೆ ತುಕ್ಕು. "ಇನ್ನೊಂದು ಲಾಟ್ ವಾಪಸ್ ಬಂದ್ರೆ ಬಾಗಿಲು ಮುಚ್ಚೋದೇ, ಮೇಡಂ."

ಅಷ್ಟರಲ್ಲಿ ನಮ್ಮಲ್ಲಿ ಮೇಲ್ಮೈಯ ಕಲೆಯನ್ನಷ್ಟೇ ಓದುವ ಹೊಸ ಯಂತ್ರ ಬಂದಿತ್ತು. ಅದು ಸೋಡಿಯಂ, ಕ್ಲೋರಿನ್ ಎಂದಿತು. ಅಂದರೆ ಅಡುಗೆ ಉಪ್ಪು. ಕಲೆಗಳೋ ಬೆರಳಿನಗಲ.

ಫ್ಯಾಕ್ಟರಿಗೇ ಹೋಗಿ ಮಾಲೀಕರ ಎದುರಲ್ಲೇ ಹೇಳಿದೆ. ಕ್ವಾಲಿಟಿ ಮ್ಯಾನೇಜರ್ ನಕ್ಕರು. "ಮೇಡಂ, ಇದು ಉಪ್ಪಿನಕಾಯಿ ಫ್ಯಾಕ್ಟರಿ ಅಲ್ಲ. ಕೊನೇ ಚೆಕಿಂಗ್ ನಾನೇ ಮಾಡೋದು. ನನ್ನ ಕೈ ದಾಟದೆ ಒಂದು ಪೀಸೂ ಹೊರಗೆ ಹೋಗಲ್ಲ."

ಹಾಗನ್ನುತ್ತಲೇ ಡ್ರಾಯರಿನಿಂದ ಒಂದು ಹಿಡಿ ಉಪ್ಪುಗಡಲೆ ಬಾಯಿಗೆ ಹಾಕಿಕೊಂಡು, ಅದೇ ಕೈಯಲ್ಲಿ ಶಾಫ್ಟೊಂದನ್ನು ಎತ್ತಿ ನನಗೆ ತೋರಿಸಿದರು.

ಮಾಲೀಕರು ಆ ಕೈಯನ್ನೇ ನೋಡುತ್ತ ನಿಂತರು.

ಮುಂದಿನ ಲಾಟ್ ಒಂದು ಚುಕ್ಕೆಯೂ ಇಲ್ಲದೆ ಪಾಸಾಯಿತು. ದೊಡ್ಡ ಆರ್ಡರೂ ಸಿಕ್ಕಿತು. ಗಿರಾಕಿ ಫೋನ್ ಮಾಡಿ, ಅದ್ಯಾವ ಹೊಸ ಟೆಕ್ನಾಲಜಿ ತಂದಿರಿ ಎಂದು ಕೇಳಿದರಂತೆ.

ಮಾಲೀಕರು ಗಂಭೀರವಾಗಿ ಹೇಳಿದರು: "ಏನಿಲ್ಲ ಸಾರ್, ಮ್ಯಾನೇಜರ್ ತಿಂಡಿ ಬದಲಾಯಿಸಿದ್ವಿ."