ಬೀಗದಜ್ಜನ ನೋಟ್‌ಬುಕ್ಕು

ತೊಂದರೆ ಶುರುವಾದದ್ದು ಒಂದು ಖಾಲಿ ಸಾಲಿನಿಂದ. ಸಮುದ್ರದ ನೀರಿನಲ್ಲಿ ಹಗುರ ಆಮ್ಲಜನಕ ಎಷ್ಟು, ಭಾರದ್ದು ಎಷ್ಟು ಎಂಬ ಐಸೋಟೋಪ್ ಅಳತೆಗಳನ್ನೆಲ್ಲ ಸೇರಿಸಿ, ಯಾರು ಬೇಕಾದರೂ ನೋಡುವಂಥ ಡೇಟಾಬೇಸ್ ಮಾಡುವುದು ಗುಮಾಸ್ತನ ಕೆಲಸ. ನಲವತ್ತು ವಿಜ್ಞಾನಿಗಳಲ್ಲಿ ಮೂವತ್ತೊಂಬತ್ತು ಜನ ತಮ್ಮ ಅಳತೆ ಕೊಟ್ಟಾಗಿತ್ತು; ನಲವತ್ತನೇ ಸಾಲು ಮಾತ್ರ ಖಾಲಿ.

"ನಲವತ್ತನೇದನ್ನೂ ಇವತ್ತೇ ಸೇರಿಸಿ, ನಾಳೆಯಿಂದ ನಾಲ್ಕು ದಿನ ರಜ ತಗೊಳ್ಳಿ," ಎಂದರು ನಿರ್ದೇಶಕರು.

ಮೂರು ವರ್ಷದಿಂದ ಸಮುದ್ರವನ್ನು ಟೈಪ್ ಮಾಡುತ್ತಿದ್ದ ಗುಮಾಸ್ತ ಅದನ್ನು ಕಣ್ಣಾರೆ ಕಂಡವನಲ್ಲ. ಮಗಳಿಗೆ ತೋರಿಸುತ್ತೇನೆಂದು ಎರಡು ಸಲ ಮಾತು ತಪ್ಪಿದ್ದ. "ಈ ಸಲ ನೀವು ಬರ್ಲಿಲ್ಲಾಂದ್ರೆ ನಾವಿಬ್ರೇ ಹೋಗ್ತೀವಿ," ಎಂದು ಹೆಂಡತಿ ಬೆಳಿಗ್ಗೆಯೇ ಹೇಳಿದ್ದಳು.

ನಲವತ್ತನೆಯವರು ನಿವೃತ್ತ ವಿಜ್ಞಾನಿ, ಎಂಜಲು ಕೈಯಲ್ಲಿ ಕಾಗೆ ಓಡಿಸದ ಮನುಷ್ಯ. ಹಡಗಿನಲ್ಲಿ ಅಲೆದು ಬರೆದ ನೋಟ್‌ಬುಕ್ಕನ್ನು ಬೀರುವಿನಲ್ಲಿಟ್ಟು ಬೀಗ ಜಡಿದಿದ್ದರಿಂದ ಕಚೇರಿಯಲ್ಲಿ ಅವರ ಹೆಸರು ಬೀಗದಜ್ಜ.

"ಕೊಡಲ್ಲ," ಎಂದರು ಅಜ್ಜ, ಮನೆಗೆ ಬಂದ ಗುಮಾಸ್ತನನ್ನು ಬಾಗಿಲಲ್ಲೇ ನಿಲ್ಲಿಸಿ. "ಅದರ ಮೇಲೆ ನಾನೊಂದು ಪ್ರಬಂಧ ಬರೀಬೇಕು."

"ಯಾವಾಗ ಸಾರ್?"

"ಬರೀತೀನಿ ಕಣಯ್ಯಾ, ಅವಸರ ಏನು?"

"ಇಪ್ಪತ್ತು ವರ್ಷದಿಂದ ಇದೇ ಮಾತು," ಎಂದರು ಒಳಗಿನಿಂದ ಅವರ ಹೆಂಡತಿ. "ತಗೊಂಡ್ಹೋಗಪ್ಪಾ, ಪುಣ್ಯ ಬರುತ್ತೆ!"

ಪಕ್ಕದ ಮನೆಯ ವಕೀಲರು ಗೋಡೆಯ ಮೇಲಿಂದ ಇಣುಕಿದರು. "ಬರೆಸ್ಕೊಳ್ದೆ ಕೊಡಬೇಡಿ ಸಾರ್!"

ಗುಮಾಸ್ತ ಬರೆದುಕೊಟ್ಟ. ಅಜ್ಜನ ಹೆಸರು ಮೊದಲು ಬರುತ್ತದೆ, ದಪ್ಪಕ್ಷರದಲ್ಲಿ ಬರುತ್ತದೆ, ಒಂದು ಅಂಕಿಯೂ ಆಚೀಚೆಯಾಗುವುದಿಲ್ಲ ಎಂದು ಮೂರು ಸಲ ಸಹಿ ಹಾಕಿದ. ಆಮೇಲೆ ಬೀಗದ ಕೈ ಸಿಗಲಿಲ್ಲ. ಮಂಚದಡಿ, ಅಟ್ಟದ ಮೇಲೆ ತೆವಳಿ ಮೈಯೆಲ್ಲ ಜೇಡರ ಬಲೆ ಮಾಡಿಕೊಂಡ. ಮೂರು ಗಂಟೆಗೆ ಮನೆಯಾಕೆ ಸೊಂಟದಿಂದ ಗೊಂಚಲು ತೆಗೆದರು.

"ಇದೇನಾ? ಕೇಳಿದ್ರೆ ತಾನೇ ಕೊಡೋದು!"

ಆರು ಗಂಟೆಗೆ ಕೊನೆಯ ಅಂಕಿ ಸೇರಿತು. ಗುಮಾಸ್ತ ಹಿಗ್ಗಿ ಹೀರೇಕಾಯಿಯಾಗಿ ಎಲ್ಲರಿಗೂ ಈಮೇಲ್ ಕಳಿಸಿದ: "ಹಿರಿಯರೂ ತಮ್ಮ ನೋಟ್‌ಬುಕ್ ಕೊಟ್ಟಿದ್ದಾರೆ. ಡೇಟಾಬೇಸ್ ಪೂರ್ಣಗೊಂಡಿದೆ."

ಹತ್ತೇ ನಿಮಿಷಕ್ಕೆ ಒಬ್ಬ ವಿಜ್ಞಾನಿಯಿಂದ ಉತ್ತರ ಬಂತು. "ಅವರೇ ಕೊಟ್ಟ ಮೇಲೆ ನಾನು ಬಚ್ಚಿಟ್ಟುಕೊಳ್ಳುವುದು ಚೆನ್ನಾಗಿರುವುದಿಲ್ಲ. ಆಗ ಕೊಡದೆ ಉಳಿಸಿಕೊಂಡಿದ್ದ ಅರ್ಧ ಅಳತೆಗಳನ್ನೂ ಕಳಿಸಿದ್ದೇನೆ." ಹಿಂದೆಯೇ ಇನ್ನೊಂದು, ಮತ್ತೊಂದು. ಏಳು ಗಂಟೆಯೊಳಗೆ ಮೂವತ್ತೊಂಬತ್ತೂ ಬಂದವು.

ನಿರ್ದೇಶಕರು ಬೆನ್ನು ತಟ್ಟಿದರು. "ಭೇಷ್! ಇದನ್ನೆಲ್ಲ ಸೇರಿಸ್ಬಿಡಿ. ರಜ ಎಲ್ಲಿ ಓಡಿಹೋಗುತ್ತೆ?"

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಗುಮಾಸ್ತ ಮನೆಗೆ ಫೋನ್ ಮಾಡಿದ. ಹೆಂಡತಿ ಪೂರ್ತಿ ಕೇಳಿಸಿಕೊಳ್ಳದೆ ಮಗಳ ಕೈಗೆ ಕೊಟ್ಟಳು.

"ಅಪ್ಪಾ, ನಾಳೆ ನಾನೂ ಅಮ್ಮಾನೂ ಹೋಗ್ತಿದೀವಿ. ಸಮುದ್ರದಿಂದ ನಿಂಗೇನು ತರ್ಲಿ?"



"ಏನಾದ್ರೂ ತಾ ಪುಟ್ಟಿ," ಎಂದ. "ನೀರು ಮಾತ್ರ ಬೇಡ."