ಹಸಿರು ದೀಪ ಉರಿಸಿಕೊಂಡು ತಣ್ಣಗೆ ಕುಳಿತ ಹೀಟರ್ ಮಹಾಶಯರಿಗೆ

ಮಾನ್ಯರೇ,

ರಜೆಗೆಂದು ಬಾಡಿಗೆಗೆ ಸಿಗುವ ಆ ಮನೆಯ ಹಿತ್ತಲಲ್ಲಿ, ಬಟ್ಟೆ ಒಣಗಿಸುವ ಹಗ್ಗಕ್ಕೂ ಖಾಲಿ ಗ್ಯಾಸ್ ಸಿಲಿಂಡರಿಗೂ ನಡುವೆ, ತಗಡಿನ ಪೆಟ್ಟಿಗೆಯೊಳಗೆ ವಿರಾಜಮಾನರಾಗಿರುವ ಈಜುಕೊಳದ ಹೀಟರ್ ಮಹಾಶಯರ ಸನ್ನಿಧಿಗೆ, ಕಳೆದ ವಾರ ತಮ್ಮ ಆತಿಥ್ಯದಲ್ಲಿ ನಡುಗಿ ಬಂದ ಬಡಪಾಯಿಯೊಬ್ಬ ಮೂಗು ಒರೆಸಿಕೊಳ್ಳುತ್ತಾ ಸಲ್ಲಿಸುವ ಅನಂತ ನಮಸ್ಕಾರಗಳು. ತಮ್ಮ ಫ್ಯಾನು ಸುಗಮವಾಗಿ ತಿರುಗುತ್ತಿದೆಯೆಂದೂ, ಹಸಿರು ದೀಪ ಎಂದಿನಂತೆ ಬೆಳಗುತ್ತಿದೆಯೆಂದೂ, ನೀರಿಗೆ ಮಾತ್ರ ತಮ್ಮಿಂದ ಯಾವ ತೊಂದರೆಯೂ ಆಗುತ್ತಿಲ್ಲವೆಂದೂ ನಂಬಿದ್ದೇನೆ.

ನಾನು ನೀರು ಸರಬರಾಜು ಕಚೇರಿಯ ದೂರು ವಿಭಾಗದಲ್ಲಿ ಗುಮಾಸ್ತ. 'ತಮ್ಮ ದೂರನ್ನು ಪರಿಶೀಲಿಸಲಾಗುವುದು' ಎಂದು ಬರೆದು ಬರೆದು ಬೆರಳು ಸವೆಸಿಕೊಂಡವನು. ದೂರು ಕೊಡುವವರ ಸಾಲಿನಲ್ಲಿ ನಿಲ್ಲುತ್ತಿರುವುದು ಇದೇ ಮೊದಲು, ಆದ್ದರಿಂದ ಮಾತಿನಲ್ಲಿ ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಬೇಕು. ಪತ್ರಿಕೆಯಲ್ಲಿ ಹೀಗೆ ಬಹಿರಂಗವಾಗಿ ಬರೆದರೆ ಅಮ್ಮ ಓದಿಬಿಟ್ಟಾಳು ಎಂಬ ಹೆದರಿಕೆಯೂ ನನಗಿಲ್ಲ. ದುಡ್ಡು ಬಿಚ್ಚಿದವನ ಕಥೆ ಇದು ಎಂದು ತಿಳಿದ ಮೇಲೆ, ಅವನು ತನ್ನ ಮಗನಿರಬಹುದೆಂಬ ಅನುಮಾನ ಅವಳಿಗೆ ಕನಸಿನಲ್ಲೂ ಬರುವುದಿಲ್ಲ.

ನನ್ನ ಅಮ್ಮನಿಗೂ ಅವಳ ಒಬ್ಬಳೇ ತಂಗಿಗೂ, ಅಂದರೆ ನನ್ನ ಚಿಕ್ಕಮ್ಮನಿಗೂ, ಮಾತು ನಿಂತು ಆರು ವರ್ಷವಾಗಿತ್ತು. ಅದಕ್ಕೆ ಕಾರಣವೂ ತಮ್ಮದೇ ಯಂತ್ರಕುಲಕ್ಕೆ ಸೇರಿದವರೊಬ್ಬರು. ತೀರಿಹೋದ ಅಜ್ಜಿಯ ಹೊಲಿಗೆ ಯಂತ್ರವನ್ನು ಅಮ್ಮ, ತಂಗಿಯನ್ನು ಒಂದು ಮಾತೂ ಕೇಳದೆ, ನಮ್ಮ ಬೀದಿಯ ದರ್ಜಿಗೆ ಕೊಟ್ಟುಬಿಟ್ಟಳು. ಅಂದಿನಿಂದ ಒಂದೇ ಕೋಣೆಯಲ್ಲಿ ಎದುರುಬದುರು ಕುಳಿತಿದ್ದರೂ, 'ಉಪ್ಪು ಈ ಕಡೆ ತಳ್ಳೋಕೆ ಹೇಳು' ಎಂದು ಇಬ್ಬರೂ ನನ್ನ ಹೆಂಡತಿಯ ಮೂಲಕವೇ ವ್ಯವಹರಿಸುತ್ತಿದ್ದರು. ನೆಂಟರು ಬುದ್ಧಿ ಹೇಳಿ ಸೋತರು, ಪರಿಚಯದ ವಕೀಲರೊಬ್ಬರು ಸಂಧಾನಕ್ಕೆ ಬಂದು ಇಬ್ಬರಿಂದಲೂ ಬೈಸಿಕೊಂಡು ಹೋದರು. ಇಬ್ಬರಿಗೂ ವಯಸ್ಸಾಗುತ್ತಿದೆ, ಹೀಗೇ ಒಬ್ಬರೊಡನೊಬ್ಬರು ಮಾತಾಡದೆ ಹೋಗಿಬಿಟ್ಟರೆ ಎಂಬ ಭಯ ನನಗೆ ಊಟದ ನಡುವೆಯೂ ಬರುತ್ತಿತ್ತು.

ಇಬ್ಬರಿಗೂ ಮಂಡಿನೋವು, ಇಬ್ಬರಿಗೂ ಒಬ್ಬರೇ ಡಾಕ್ಟರು, ಸೊಂಟದವರೆಗೆ ನೀರಿನಲ್ಲಿ ನಿಂತು ನಡೆಯಿರಿ ಎಂಬ ಒಂದೇ ಸಲಹೆ. ಇದನ್ನೇ ನೆಪ ಮಾಡಿಕೊಂಡು ಇಬ್ಬರನ್ನೂ ಮೂರು ದಿನ ಒಂದೇ ಮನೆಯಲ್ಲಿ ಕೂಡಿಹಾಕೋಣವೆಂದು ತಾವಿರುವ ಮನೆಯನ್ನು ಗೊತ್ತುಮಾಡಿದೆ. ಆಮೇಲೆ ತಿಳಿಯಿತು, ಬಿಸಿನೀರಿಗೆ ಬೇರೆ ದುಡ್ಡು ಕಟ್ಟಬೇಕು, ಅದನ್ನೂ ಎರಡು ದಿನ ಮುಂಚೆಯೇ ಕಟ್ಟಬೇಕು, ಏಕೆಂದರೆ ತಾವು ಬಿಸಿಯಾಗಲು ಅಷ್ಟು ಕಾಲ ಬೇಕು ಎಂದು. ನೀರು ತಣ್ಣಗಿದೆಯೋ ಇಲ್ಲವೋ ಎಂದು ಬೆರಳದ್ದಿ ನೋಡುವ ಮೊದಲೇ ತಣ್ಣಗಿದೆಯೆಂದು ನಂಬಿ ದುಡ್ಡು ಕೊಡುವ ಈ ಏರ್ಪಾಡು ನಮ್ಮ ಕಚೇರಿಗೂ ಹೊಳೆದಿರಲಿಲ್ಲ. ಮಾದರಿಗೆಂದು ಒಂದು ಬಾಟಲಿ ನೀರನ್ನು ಅಂಚೆಯಲ್ಲಿ ಕಳಿಸಿಕೊಡಿ ಎಂದು ಮನೆ ನೋಡಿಕೊಳ್ಳುವವರನ್ನು ವಿನಂತಿಸಿಕೊಂಡೆ. ಅವರು ಇದುವರೆಗೂ ಉತ್ತರಿಸಿಲ್ಲ.

ದುಡ್ಡಿನ ಚಿಂತೆಗಿಂತ ದೊಡ್ಡ ಚಿಂತೆ ಬೇರೆಯಿತ್ತು. 'ನೀರು ಬೆಚ್ಚಗಿದ್ರೆ ಬರ್ತೀನಿ, ತಣ್ಣೀರಲ್ಲಿ ಇಳಿಸಿ ಸಾಯಿಸೋದಾದ್ರೆ ನಾನು ಇಲ್ಲೇ ಹಾಯಾಗಿದೀನಿ ಅಂತ ಹೇಳು ನಿನ್ನ ಗಂಡಂಗೆ' ಎಂದು ಚಿಕ್ಕಮ್ಮ ನನ್ನ ಹೆಂಡತಿಗೆ ಫೋನು ಮಾಡಿದಳು. ಇದು ಅಮ್ಮನ ಕಿವಿಗೆ ಬಿದ್ದದ್ದೇ ತಡ, 'ಅವಳೊಬ್ಬಳ ಮಂಡಿಗೋಸ್ಕರ ಒಂದು ಕೆರೆ ನೀರು ಕಾಯಿಸ್ತೀಯಾ? ಕಟ್ಟಿದ್ದು ಗೊತ್ತಾದ್ರೆ ನಾನು ಕಾರು ಹತ್ತಲ್ಲ' ಎಂದುಬಿಟ್ಟಳು. ಕಟ್ಟಿದರೆ ಅಮ್ಮ ಇಲ್ಲ, ಕಟ್ಟದಿದ್ದರೆ ಚಿಕ್ಕಮ್ಮ ಇಲ್ಲ. ಫೋನು ಕೈಗೆತ್ತಿಕೊಂಡು, ದುಡ್ಡು ಕಳಿಸುವ ಗುಂಡಿಯ ಮೇಲೆ ಬೆರಳಿಟ್ಟು, ಮತ್ತೆ ತೆಗೆದು, ಹೀಗೆ ನಾನು ಪಟ್ಟ ಪಾಡನ್ನು ನೋಡಲಾರದೆ ಹೆಂಡತಿ ಕೊನೆಗೆ, 'ಕಟ್ಟಿ, ಬಾಯಿ ಮುಚ್ಕೊಂಡು ಕೂತ್ಕೊಳ್ಳಿ' ಎಂದಳು. ಕಟ್ಟಿದೆ. ಹಿತ್ತಲಿಗೆ ಬಿಸಿಲು ಚೆನ್ನಾಗಿ ಬೀಳುತ್ತದಂತೆ, ನೀರು ತಾನಾಗಿಯೇ ಕಾಯುತ್ತದಂತೆ, ಒಂದು ಕಾಸಿನ ಖರ್ಚೂ ಇಲ್ಲವಂತೆ ಎಂದು ಇಬ್ಬರಿಗೂ ಒಂದೇ ಸುಳ್ಳನ್ನು ಸಮನಾಗಿ ಹಂಚಿದೆ.

ಬಂದ ಸಂಜೆ ನಾನು ಯಾರಿಗೂ ಕಾಣದಂತೆ ಹಿಂದೆ ಬಂದು ತಮ್ಮ ದರ್ಶನ ಪಡೆದದ್ದು ತಮಗೆ ನೆನಪಿರಬಹುದು. ಆಹಾ, ಏನು ಗಾಂಭೀರ್ಯ, ಎಂಥ ಗುಂಯ್‌ಗುಡುವಿಕೆ! ನಮ್ಮ ಕಚೇರಿಯ ಹಿರಿಯ ಅಧಿಕಾರಿಗಳು ಕಡತ ಮುಂದಿಟ್ಟುಕೊಂಡು ಕಣ್ಣು ಮುಚ್ಚಿದಾಗ ಬರುವ ಸದ್ದು ಅದೇ. ಅದನ್ನು ಕೇಳಿದ ಮೇಲಾದರೂ ನಾನು ಎಚ್ಚೆತ್ತುಕೊಳ್ಳಬೇಕಿತ್ತು.

ಮರುದಿನ ಬೆಳಿಗ್ಗೆ ಚಿಕ್ಕಮ್ಮ, ಟವೆಲು ಹೊದ್ದು, ಕಂಬಿ ಹಿಡಿದು ಮೂರು ಮೆಟ್ಟಿಲು ಇಳಿದವಳೇ ಅಕ್ಕಪಕ್ಕದ ಮನೆಯ ನಾಯಿಗಳೆಲ್ಲ ಬೊಗಳುವಂತೆ ಕೂಗಿದಳು. ದಡದ ಕುರ್ಚಿಯಲ್ಲಿ ಬೆನ್ನು ತಿರುಗಿಸಿ ಕುಳಿತಿದ್ದ ಅಮ್ಮ ಮೊದಲು ನಕ್ಕಳು. ಆಮೇಲೆ, ತಂಗಿಗಿಂತ ತಾನು ಗಟ್ಟಿಗಿತ್ತಿ ಎಂದು ತೋರಿಸಲೋ ಏನೋ, ತಾನೂ ಇಳಿದಳು, ಇಳಿದವಳ ಬಾಯಿ ತೆರೆದದ್ದು ತೆರೆದಂತೆಯೇ ನಿಂತಿತು. ಆಗ, ಆರು ವರ್ಷದಲ್ಲಿ ಮೊದಲ ಸಲ, ನನ್ನ ಹೆಂಡತಿಯ ನೆರವಿಲ್ಲದೆ, 'ಅಯ್ಯಯ್ಯೋ ಅಕ್ಕಾ, ಕೈ ಕೊಡೇ!' ಎಂಬ ಮಾತು ನೇರವಾಗಿ ಅಮ್ಮನಿಗೆ ಬಂತು. ಅಮ್ಮ ಕೈ ಕೊಟ್ಟಳು. ಇಬ್ಬರೂ ಒಬ್ಬರನ್ನೊಬ್ಬರು ಎಳೆದುಕೊಂಡು ಮೇಲೆ ಬಂದು, ಒಂದೇ ಟವೆಲಿನೊಳಗೆ ಸೇರಿಕೊಂಡು, ನನ್ನ ಕಡೆ ತಿರುಗಿದರು.

'ನಾಲ್ಕು ಕಾಸು ಉಳಿಸೋಕೆ ಹೋಗಿ ನಮ್ಮಿಬ್ಬರನ್ನೂ ಸಾಯಿಸ್ತಿದ್ದ ನೋಡೇ' ಎಂದಳು ಅಮ್ಮ. 'ಚಿಕ್ಕೋನಿದ್ದಾಗಿಂದ್ಲೂ ಹಿಂಗೇ ಅಲ್ವೇನೇ ಅಕ್ಕ, ಬಳಪ ಕೇಳಿದ್ರೂ ಮುರಿದು ಸಣ್ಣ ಚೂರನ್ನೇ ಕೊಡ್ತಿದ್ದ' ಎಂದಳು ಚಿಕ್ಕಮ್ಮ. ನಿಜ ಸಂಗತಿ ಬಲ್ಲ ನನ್ನ ಹೆಂಡತಿ ಸುಮ್ಮನಿರಬಾರದೇ? 'ಮನೇಲಿ ಗೀಸರ್ ಕೂಡ ಐದೇ ನಿಮಿಷಕ್ಕೆ ಆರಿಸಿಬಿಡ್ತಾರೆ' ಎಂದು ತನ್ನದೂ ಒಂದು ಸೌದೆ ಒಟ್ಟಿದಳು. 'ನಾನು ದುಡ್ಡು ಕಟ್ಟಿದ್ದೇನೆ' ಎಂಬ ಮಾತು ನನ್ನ ನಾಲಿಗೆಯ ತುದಿಗೆ ಬಂದಿತ್ತು. ಆದರೆ ಅದು ಹೊರಬಿದ್ದರೆ 'ಯಾರ ಮಂಡಿಗೋಸ್ಕರ?' ಎಂಬ ಪ್ರಶ್ನೆ ಹಿಂದೆಯೇ ಬರುತ್ತಿತ್ತು, ಟವೆಲು ಎರಡಾಗುತ್ತಿತ್ತು. ಕಾಫಿಗೆ ನೀರಿಡುವ ನೆಪದಲ್ಲಿ ಒಳಗೆ ನಡೆದೆ.

ಸ್ವಾಮೀ, ಏನೂ ಮಾಡದೆ ಕೂರುವವರನ್ನು ನಾನು ವೃತ್ತಿಜೀವನದುದ್ದಕ್ಕೂ ನೋಡಿದ್ದೇನೆ, ಆದರೆ ಏನೂ ಮಾಡದೆಯೇ ಒಂದು ಕುಟುಂಬವನ್ನು ಒಂದುಗೂಡಿಸಿದವರನ್ನು ತಮ್ಮ ಹೊರತು ಕಾಣೆ. ಅವರಿಬ್ಬರೂ ಆ ಮೂರು ದಿನವೂ ಒಂದೇ ಕಂಬಳಿ ಹೊದ್ದು, ಕಾಫಿ ಕುಡಿಯುತ್ತಾ, ನನ್ನ ಹುಟ್ಟಿನಿಂದ ಹಿಡಿದು ನನ್ನ ಬೋಳುತಲೆಯವರೆಗೆ ಒಂದನ್ನೂ ಬಿಡದೆ ಜಾಲಾಡಿದರು.

ಹೊರಡುವ ಬೆಳಿಗ್ಗೆಯಂತೂ ನನ್ನ ಜೀವವೇ ಬಾಯಿಗೆ ಬಂದಿತ್ತು. ಮನೆ ನೋಡಿಕೊಳ್ಳುವವರು ತಾವಿರುವ ತಗಡಿನ ಪೆಟ್ಟಿಗೆಯ ಮುಚ್ಚಳ ಬಿಚ್ಚಿ ನೋಡಿ, ಸ್ಕ್ರೂಡ್ರೈವರ್ ಹಿಡಿದುಕೊಂಡೇ ಬಂದು, ಎಲ್ಲರೂ ಕಾರು ಹತ್ತುತ್ತಿರುವಾಗ, 'ಸಾರ್, ಫ್ಯಾನ್ ಮಾತ್ರ ತಿರುಗ್ತಿದೆ, ಒಳಗೆ ಕೆಟ್ಟೋಗಿದೆ. ನೀವು ಕಟ್ಟಿದ ದುಡ್ಡು...' ಎಂದು ಶುರುಮಾಡಿದರು. 'ಯಾವ ದುಡ್ಡು? ಯಾರನ್ನೋ ನೋಡಿ ಯಾರೋ ಅಂದ್ಕೊಂಡಿದೀರಿ' ಎಂದು ಅವರ ಕೈ ಹಿಡಿದು ಗೋಡೆಯ ಮರೆಗೆ ಎಳೆದೊಯ್ದೆ. ನನ್ನ ದುಡ್ಡನ್ನು ನನಗೆ ವಾಪಸು ಕೊಡಬೇಡಿ ಎಂದು ಆ ಸಜ್ಜನರಿಗೆ ಕೈಮುಗಿಯುತ್ತಿದ್ದಾಗ ಕಾರಿನೊಳಗಿಂದ ಅಮ್ಮನ ದನಿ ಕೇಳಿಸಿತು: 'ನೋಡೇ, ಪಾಪ ಅವರ ಹತ್ರಾನೂ ಚೌಕಾಸಿ ಮಾಡ್ತಿದಾನೆ!'

ಹೆತ್ತ ತಾಯಿಯ ಬಾಯಲ್ಲಿ ಜಿಪುಣ ಎನಿಸಿಕೊಂಡರೆ ನೋವಾಗುತ್ತದೆ, ಇಲ್ಲವೆನ್ನಲಾರೆ. ಆದರೆ ದಾರಿಯಲ್ಲಿ ಚಿಕ್ಕಮ್ಮ, 'ನನ್ನನ್ನ ನಮ್ಮನೆ ಹತ್ರ ಇಳಿಸಬೇಡ ಕಣೋ, ನಾಲ್ಕು ದಿನ ಅಕ್ಕನ ಜೊತೆ ಇದ್ದು ಹೋಗ್ತೀನಿ' ಎಂದಾಗ ನನಗಾದ ಸಂತೋಷಕ್ಕೆ ಕಣ್ಣು ಮಂಜಾಗಿ ಕಾರನ್ನು ಪಕ್ಕಕ್ಕೆ ನಿಲ್ಲಿಸಬೇಕಾಯಿತು. ಪೆಟ್ರೋಲು ಉಳಿಸುತ್ತಿದ್ದಾನೆ ಎಂದರು ಇಬ್ಬರೂ.

ಆದ್ದರಿಂದ ತಮ್ಮಲ್ಲಿ ನನ್ನ ಪ್ರಾರ್ಥನೆ ಇಷ್ಟೇ. ತಮ್ಮನ್ನು ರಿಪೇರಿ ಮಾಡಲು ಮೆಕ್ಯಾನಿಕ್ ಬರುವವರಿದ್ದಾರಂತೆ, ದಯವಿಟ್ಟು ಜಗ್ಗಬೇಡಿ. ಹೊಲಿಗೆ ಯಂತ್ರದ ಮಾತನ್ನು ಅವರಿಬ್ಬರೂ ಇನ್ನೂ ಎತ್ತಿಲ್ಲ. ಎತ್ತಿದ ದಿನ ಮತ್ತೊಂದು ಸಲ ತಣ್ಣೀರು ಬೇಕಾಗಬಹುದು.

ತಮ್ಮ ವಿಶ್ವಾಸಿ,
ಬಿಸಿನೀರಿಗೆ ದುಡ್ಡು ಕಟ್ಟಿಯೂ ಜಿಪುಣನಾದವನು

ತಾ.ಕ.: ಪತ್ರ ಮಡಚುವಷ್ಟರಲ್ಲಿ ಸುದ್ದಿ ಬಂತು. ಮುಂದಿನ ತಿಂಗಳಿಗೆ ಅಕ್ಕತಂಗಿಯರು ಅದೇ ಮನೆಯನ್ನು ಮತ್ತೆ ಹಿಡಿದಿದ್ದಾರೆ. ಇವನನ್ನು ನಂಬಿಕೊಂಡರೆ ಆಗುವುದಿಲ್ಲವೆಂದು, ಬಿಸಿನೀರಿನ ದುಡ್ಡನ್ನು ಇಬ್ಬರೂ ಅರ್ಧರ್ಧ ಹಾಕಿ ತಾವೇ ಕಟ್ಟಿದ್ದಾರೆ. ಆದಕಾರಣ ಮೇಲಿನ ಪ್ರಾರ್ಥನೆಯನ್ನು ಹಿಂದಕ್ಕೆ ಪಡೆಯುತ್ತಿದ್ದೇನೆ. ಈ ಸಲ ನೀರು ಕಾಯದಿದ್ದರೆ ಅವರಿಬ್ಬರ ಬಾಯಿಗೆ ಬೀಳುವವರು ತಾವು, ಮತ್ತು ಅದಕ್ಕೆ ಬೇಕಾದ ತಾಲೀಮು ಈಗಾಗಲೇ ನನ್ನ ಮೇಲೆ ಪೂರ್ತಿಯಾಗಿದೆ.